ಚಾರ್‌ಮಿನಾರಿನ ಸಂತೆ, ಸಂಜೆಯ ಬೆಳಕು

ಛಾಯಾಗ್ರಹಣದಲ್ಲಿ ಕೈಯಾಡಿಸಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಹಗಲಿನ ಬಿಸಿಲು ಎಷ್ಟೇ ಪ್ರಖರವಾಗಿರಲಿ, ಮನುಷ್ಯರ ಮುಖಭಾವವನ್ನೂ ಬೀದಿಯ ಬಣ್ಣಗಳನ್ನೂ ಯಥಾವತ್ತಾಗಿ ಎತ್ತಿ ತೋರುವ ಸೌಮ್ಯವಾದ ಪ್ರಭೆ ದೊರೆಯುವುದು ಸೂರ್ಯಾಸ್ತದ ಹಿಂದಿನ ಎರಡು ಘಳಿಗೆ, ಅದರ ಮುಂದಿನ ಒಂದು ಘಳಿಗೆ, ಇಷ್ಟರಲ್ಲಿಯೇ. ರಂಜಾನ್ ಮಾಸದಲ್ಲಿ ಬೆಳಗಿನ ಜಾವದಿಂದ ನೀರನ್ನೂ ಮುಟ್ಟದೆ ಉಪವಾಸವಿರುವವರು ಕಾಯುವುದೂ ಆ ಸೂರ್ಯಾಸ್ತವನ್ನೇ. ಕ್ಯಾಮೆರಾ ಹಿಡಿದವನ ನಿರೀಕ್ಷೆ, ಉಪವಾಸಿಯ ನಿರೀಕ್ಷೆ ಇವೆರಡೂ ಒಂದೇ ಬೀದಿಯಲ್ಲಿ ಒಂದೇ ಕ್ಷಣದ ಮೇಲೆ ನೆಟ್ಟಿರುವುದರಿಂದ, ರಂಜಾನಿನ ತಿಂಡಿಬೀದಿಗೆ ಚಿತ್ರ ತೆಗೆಯಲು ಹೊರಟವನು ಕಲೆಯ ಜೊತೆಗೆ ಒಂದಿಷ್ಟು ಪಂಚಾಂಗವನ್ನೂ, ಪಂಚಾಂಗದ ಜೊತೆಗೆ ಒಂದಿಷ್ಟು ದಾಕ್ಷಿಣ್ಯವನ್ನೂ ಕಲಿತುಕೊಂಡೇ ಹೋಗಬೇಕಾಗುತ್ತದೆ. ಈ ಮಾತು ನನಗೆ ಮನದಟ್ಟಾದದ್ದು ಹೈದರಾಬಾದಿನ ಹಳೆಯ ಊರಿನಲ್ಲಿ, ಚಾರ್‌ಮಿನಾರಿನ ಸುತ್ತಣ ಬೀದಿಗಳಲ್ಲಿ, ಛಾಯಾಗ್ರಾಹಕ ಮಿತ್ರರೊಡನೆ ರಂಜಾನಿನ ಸಂಜೆಗಳನ್ನು ಕಳೆದ ಮೇಲೆ.

ಕಾಚಿಗುಡ ನಿಲ್ದಾಣದಲ್ಲಿಳಿದು ಮೂಸಿ ನದಿಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಪತ್ತರ್‌ಗಟ್ಟಿಯ ಕಲ್ಲಿನ ಕಮಾನುಗಳ ಅಂಗಡಿಸಾಲು ಎದುರಾಗುತ್ತದೆ. 1908ರಲ್ಲಿ ಮೂಸಿ ಉಕ್ಕಿ ಹರಿದು ಊರಿನ ಬಹುಭಾಗವನ್ನು ಕೊಚ್ಚಿಕೊಂಡು ಹೋದ ತರುವಾಯ, ನಗರವನ್ನು ಹೊಸದಾಗಿ ಕಟ್ಟುವಾಗ ಏಳನೆಯ ನಿಜಾಮರ ಕಾಲದಲ್ಲಿ ಎದ್ದು ನಿಂತ ಸಾಲು ಇದು. ಅಲ್ಲಿಂದ ಮುಂದೆ ನಾಲ್ಕು ದಿಕ್ಕಿಗೆ ನಾಲ್ಕು ಮಹಾಕಮಾನುಗಳಿರುವ ಚೌಕ, ನಡುವೆ ಗುಲ್ಜಾರ್ ಹೌಜ್ ಎಂಬ ಕಾರಂಜಿ. ಅದಕ್ಕೂ ಮುಂದೆ, ಕುಲಿ ಕುತುಬ್ ಷಹನು 1591ರಲ್ಲಿ, ಎಂದರೆ ಹಿಜರಿ ಸಂವತ್ಸರ 1000ದ ಹೊತ್ತಿಗೆ, ತನ್ನ ಹೊಸ ನಗರಕ್ಕೆ ನಾಭಿಯಂತೆ ನಿಲ್ಲಿಸಿದ ಚಾರ್‌ಮಿನಾರ್. ಅದರ ಮೇಲಂತಸ್ತಿನ ಪಶ್ಚಿಮಭಾಗದಲ್ಲಿ ಒಂದು ಪುಟ್ಟ ಮಸೀದಿಯಿದೆ. ನಾಲ್ಕು ಮುಖಗಳಲ್ಲಿಯೂ 1889ರಲ್ಲಿ ಕೂರಿಸಿದ ಗಡಿಯಾರಗಳಿವೆ. ಪಶ್ಚಿಮಕ್ಕೆ ಹೊರಟ ಬೀದಿ ಲಾಡ್ ಬಜಾರ್, ಅರಗಿನ ಬಳೆಗಳಿಗೆ ಪ್ರಖ್ಯಾತವಾದದ್ದು. ನೈಋತ್ಯದಲ್ಲಿ ಮಕ್ಕಾ ಮಸೀದಿ. ಕುತುಬ್ ಷಾಹಿಗಳು ಹದಿನೇಳನೆಯ ಶತಮಾನದ ಆರಂಭದಲ್ಲಿ ಅಡಿಪಾಯ ಹಾಕಿದ ಅದನ್ನು, ರಾಜ್ಯವೇ ಕೈಬದಲಾದ ಮೇಲೆ, 1694ರಲ್ಲಿ ಪೂರ್ಣಗೊಳಿಸಿದವನು ಔರಂಗಜೇಬ. ರಂಜಾನಿನ ಸಂತೆ ನೆರೆಯುವುದು ಈ ಎಲ್ಲವುಗಳ ನಡುವಣ ಬಯಲಿನಲ್ಲಿ, ಪಾದಚಾರಿಗಳಿಗೆಂದು ಇತ್ತೀಚೆಗೆ ಬಿಡಿಸಿಕೊಟ್ಟ ಕಲ್ಲುಹಾಸಿನ ಮೇಲೆ ಮತ್ತು ಅಲ್ಲಿಂದ ಕವಲೊಡೆಯುವ ಗಲ್ಲಿಗಳಲ್ಲಿ.

ಇನ್ನು ಬೆಳಕಿನ ವಿಷಯ. ಹಿಜರಿ ವರ್ಷವು ಶುದ್ಧ ಚಾಂದ್ರಮಾನದ್ದು. ಹನ್ನೆರಡು ಚಾಂದ್ರಮಾಸಗಳು ಕೂಡಿ 354 ಅಥವಾ 355 ದಿನಗಳಾಗುತ್ತವೆ. ನಮ್ಮ ಯುಗಾದಿ ಪಂಚಾಂಗವೂ ಚಾಂದ್ರಮಾನದ್ದೇ. ಆದರೆ ಸೌರವರ್ಷಕ್ಕೆ ಕಡಿಮೆ ಬಿದ್ದ ಹನ್ನೊಂದು ದಿನಗಳು ಒಟ್ಟುಗೂಡಿ ಒಂದು ತಿಂಗಳಾಗುವ ಹೊತ್ತಿಗೆ, ಸರಿಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ, ನಮ್ಮ ಜೋಯಿಸರು ಅಧಿಕಮಾಸವೊಂದನ್ನು ಸೇರಿಸಿ ಚಂದ್ರನನ್ನು ಸೂರ್ಯನೊಡನೆ ಮತ್ತೆ ಜೋಡಿಸಿಬಿಡುತ್ತಾರೆ. ಇಸ್ಲಾಮಿನಲ್ಲಿ ಅಧಿಕಮಾಸಕ್ಕೆ ಅವಕಾಶವಿಲ್ಲವಾದುದರಿಂದ ರಂಜಾನ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2015ರಲ್ಲಿ ಅದು ಜೂನ್ ಮಧ್ಯಭಾಗ ಕಳೆದ ಮೇಲೆ ಮೊದಲಾಯಿತು. 2025ರಲ್ಲಿ ಮಾರ್ಚ್ 2ಕ್ಕೇ ಉಪವಾಸದ ಮೊದಲ ದಿನ ಬಂದಿತ್ತು. 2030ರಲ್ಲಿ ಒಂದೇ ಇಂಗ್ಲಿಷ್ ವರ್ಷದೊಳಗೆ, ಜನವರಿಯ ಮೊದಲ ವಾರದಲ್ಲಿ ಒಮ್ಮೆ, ಡಿಸೆಂಬರಿನ ಕೊನೆಯ ವಾರದಲ್ಲಿ ಮತ್ತೊಮ್ಮೆ, ಹೀಗೆ ಎರಡು ಸಲ ಆರಂಭವಾಗಲಿದೆ.

ಇದರಿಂದ ಛಾಯಾಗ್ರಾಹಕನಿಗೆ ಆಗುವ ಪರಿಣಾಮ ಸಾಮಾನ್ಯವಾದುದಲ್ಲ. ಚಾರ್‌ಮಿನಾರಿನ ನಾಲ್ಕು ಮುಖಗಳು ನಾಲ್ಕು ದಿಕ್ಕುಗಳನ್ನು ನೋಡುತ್ತವೆ. ಲಾಡ್ ಬಜಾರ್ ಅಲ್ಲಿಂದ ಹೆಚ್ಚುಕಡಿಮೆ ನೇರ ಪಡುವಣಕ್ಕೆ ಸಾಗುತ್ತದೆ. ಮಾರ್ಚ್ ತಿಂಗಳ ವಿಷುವದ ಆಸುಪಾಸಿನಲ್ಲಿ ಸೂರ್ಯನು ಸರಿಯಾಗಿ ಪಶ್ಚಿಮದಲ್ಲಿಯೇ ಮುಳುಗುವುದರಿಂದ, ಆ ಕಾಲಕ್ಕೆ ರಂಜಾನ್ ಬಂದ ವರ್ಷಗಳಲ್ಲಿ, 2024ರಲ್ಲಿಯೂ 2025ರಲ್ಲಿಯೂ ಆದಂತೆ, ಇಳಿಬಿಸಿಲು ಬಳೆಗಾರರ ಬೀದಿಯುದ್ದಕ್ಕೂ ಹರಿದುಬಂದು ತಳ್ಳುಗಾಡಿಗಳ ಮೇಲಣ ಹಣ್ಣು, ಖರ್ಜೂರ, ಗಾಜಿನ ಲೋಟಗಳೆಲ್ಲವನ್ನೂ ಹಿಂಬದಿಯಿಂದ ಬೆಳಗಿಸುತ್ತದೆ. ಜೂನ್ ತಿಂಗಳಲ್ಲಾದರೆ ಸೂರ್ಯನು ಪಶ್ಚಿಮಕ್ಕಿಂತ ಸುಮಾರು 25 ಡಿಗ್ರಿ ಬಡಗಣಕ್ಕೆ ವಾಲಿ ಮುಳುಗುತ್ತಾನೆ. ಬೀದಿ ಆಗ ಕಟ್ಟಡಗಳ ನೆರಳಿನಲ್ಲಿ ಉಳಿದು, ಮುಂಗಾರಿನ ಮೋಡ ಬೇರೆ ಕವಿದು, ಬೂದಿಬಣ್ಣದ ಸಮವಾದ ಬೆಳಕಷ್ಟೇ ದಕ್ಕುತ್ತದೆ. ಚಳಿಗಾಲದಲ್ಲಿ ಅಷ್ಟೇ ದೂರ ತೆಂಕಣಕ್ಕೆ. ಹತ್ತು ವರ್ಷಗಳ ಹಿಂದೆ ಯಾರೋ ತೆಗೆದ ಚಿತ್ರವನ್ನು ನೋಡಿ ಈ ವರ್ಷ ಅದೇ ಜಾಗದಲ್ಲಿ ಅದೇ ಬೆಳಕನ್ನು ಹುಡುಕುತ್ತ ನಿಂತವರನ್ನು ನಾನು ಕಂಡಿದ್ದೇನೆ. ಅವರಿಗೆ ಬೇಕಾದದ್ದು ಹೊಸ ಮಸೂರವಾಗಿರದೆ ಪಂಚಾಂಗದ ಒಂದು ಪುಟವಾಗಿತ್ತು.

ಸಂತೆಯ ಮುಖ್ಯದೇವತೆಯೆಂದರೆ ಹಲೀಮ್. ಗೋಧಿಯನ್ನೂ ಮಾಂಸವನ್ನೂ ಕೂಡಿಸಿ ಬೇಯಿಸಿ ಅರೆಯುವ ಹರೀಸ್ ಎಂಬ ಅರಬ್ಬರ ಆಹಾರವೇ ಇದರ ಮೂಲ. ಯೆಮೆನಿನ ಹದ್ರಮೌತ್ ಪ್ರಾಂತದಿಂದ ನಿಜಾಮರ ಸೈನ್ಯಕ್ಕೆ ಬಂದು ಸೇರಿದ ಅರಬ್ಬರು ಅದನ್ನು ತಮ್ಮೊಡನೆ ತಂದರು. ಅವರ ಸಂತತಿಯವರು ನೆಲೆಸಿರುವ ಬಾರ್ಕಸ್ ಬಡಾವಣೆಯಲ್ಲಿ ಹರೀಸ್ ಇಂದಿಗೂ ತನ್ನ ಸಪ್ಪೆಯಾದ ಸರಳರೂಪದಲ್ಲಿ ಉಪಾಹಾರವಾಗಿ ಉಳಿದಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಊರಿಗೆ ಪರಿಚಯವಾಗಿ, ಏಳನೆಯವರ ಕಾಲದಲ್ಲಿ ಶ್ರೀಮಂತರ ಔತಣಗಳಲ್ಲಿ ಸ್ಥಾನ ಪಡೆದು, ದಕ್ಷಿಣದ ಮಸಾಲೆ, ಶುಂಠಿ, ಬೆಳ್ಳುಳ್ಳಿ, ಬೇಳೆ, ತುಪ್ಪಗಳನ್ನು ಮೈಗೂಡಿಸಿಕೊಂಡ ಈ ಪದಾರ್ಥವು ಇರಾನಿ ಹೋಟೆಲುಗಳ ಮೂಲಕ ಬೀದಿಗಿಳಿದದ್ದು 1950ರ ದಶಕದಲ್ಲಿ. 2010ರಲ್ಲಿ ಅದಕ್ಕೆ ಜಿಐ ಎಂದು ಹೆಸರಾದ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಮ್ಮ ದೇಶದ ಮಾಂಸಾಹಾರವೊಂದಕ್ಕೆ ಅಂಥ ಮಾನ್ಯತೆ ಸಂದದ್ದು ಅದೇ ಮೊದಲು. ಮುದ್ದೆಗಿಂತ ಸಡಿಲ, ಅಂಬಲಿಗಿಂತ ಗಟ್ಟಿ, ಹೀಗೆಂದರೆ ನಮ್ಮವರಿಗೆ ಅದರ ಹದ ತಿಳಿದೀತು. ಹಗಲೆಲ್ಲ ಬರಿದಾಗಿದ್ದ ಹೊಟ್ಟೆಗೆ ಧಾನ್ಯವನ್ನೂ ಮಾಂಸವನ್ನೂ ಅಗಿಯುವ ಶ್ರಮವಿಲ್ಲದೆ ಒಟ್ಟಿಗೆ ಒದಗಿಸುವುದರಿಂದಲೇ ಅದು ರಂಜಾನಿಗೆ ಒಗ್ಗಿ ಬಂದಿರಬೇಕೆಂದು ನನ್ನ ಊಹೆ.

ಬಹುಮಂದಿ ಛಾಯಾಗ್ರಾಹಕರು ಸಂಜೆ ಐದರ ಮೇಲೆ ಬಂದು, ಹಲೀಮಿನ ಬಟ್ಟಲಿನ ಚಿತ್ರ ತೆಗೆದು, ಅಷ್ಟಕ್ಕೆ ತೃಪ್ತರಾಗುತ್ತಾರೆ. ಹಲೀಮ್ ಆಗುವುದನ್ನು ನೋಡಬೇಕಾದರೆ ಬೆಳಗ್ಗೆಯೇ ಹೋಗಬೇಕು. ಹೋಟೆಲಿನ ಮುಂಭಾಗದಲ್ಲಿಯೋ ಪಕ್ಕದ ಖಾಲಿ ಜಾಗದಲ್ಲಿಯೋ ಇಟ್ಟಿಗೆ ಮಣ್ಣುಗಳಿಂದ ಕಟ್ಟಿದ ಭಟ್ಟಿ. ಅದರೊಳಗೆ ಕಂಠದವರೆಗೂ ಹುದುಗಿಸಿದ, ಮನುಷ್ಯನೊಬ್ಬ ಕುಳಿತುಕೊಳ್ಳಬಹುದಾದಷ್ಟು ವಿಶಾಲವಾದ ದೇಗು. ಕೆಳಗೆ ಸೌದೆಯ ಉರಿ. ಹಿಂದಿನ ದಿನ ನೆನೆಹಾಕಿದ ಗೋಧಿ ಬೇರೆಯಾಗಿಯೂ ಮಾಂಸ ಬೇರೆಯಾಗಿಯೂ ಬೆಂದು, ಮೂಳೆಗಳನ್ನು ಬೇರ್ಪಡಿಸಿದ ಬಳಿಕ ಎರಡೂ ಒಂದಾಗುತ್ತವೆ. ಆಮೇಲೆ ನಿಜವಾದ ದುಡಿಮೆ. ಉದ್ದ ಹಿಡಿಯ ದಪ್ಪ ಮರದ ಘೋಟ್ನಿಗಳನ್ನು ಹಿಡಿದ ಇಬ್ಬರೋ ನಾಲ್ವರೋ ಆಳುಗಳು ದೇಗಿನ ಎದುರುಬದುರು ನಿಂತು, ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಪೆಟ್ಟು ಸೇರದಂತೆ ಲಯ ಹಿಡಿದು, ಮಾಂಸದ ನಾರು ಗೋಧಿಯ ಅಂಟಿನಲ್ಲಿ ಕಾಣದಂತಾಗುವವರೆಗೆ ಜಜ್ಜುತ್ತಾರೆ. ಕೊರಳಿಗೆ ಸುತ್ತಿದ ಟವಲು ಬೆವರಿನಿಂದ ತೊಯ್ದು, ಅದನ್ನು ಹಿಂಡಿ, ಮತ್ತೆ ಸುತ್ತಿಕೊಳ್ಳುವುದನ್ನು ನಾನು ನೋಡಿದ್ದೇನೆ. ಇವರಲ್ಲಿ ಹೆಚ್ಚಿನವರು ಉಪವಾಸವಿರುವವರೇ. ಉಪ್ಪು ಖಾರವನ್ನು ನಾಲಿಗೆಯ ತುದಿಗೆ ಸೋಕಿಸಿ, ನುಂಗದೆ ಉಗುಳಿಬಿಡುವುದಕ್ಕೆ ಅಡುಗೆಯವನಿಗೆ ಧರ್ಮಶಾಸ್ತ್ರ ಅವಕಾಶ ಕೊಡುತ್ತದೆಯಾದರೂ, ನುರಿತ ಬಾಣಸಿಗರು ಅದಕ್ಕೂ ಹೋಗದೆ, ಘೋಟ್ನಿಯನ್ನೆತ್ತಿದಾಗ ಪದಾರ್ಥ ಅದರಿಂದ ಜಾರುವ ರೀತಿಯನ್ನು ನೋಡಿ, ಆವಿಯ ವಾಸನೆಯನ್ನು ಹಿಡಿದು, ಹದವನ್ನು ನಿಶ್ಚಯಿಸುತ್ತಾರೆ.

ಅಂಥ ಒಂದು ಭಟ್ಟಿಯ ಬಳಿ ಘೋಟ್ನಿ ಹಿಡಿದಿದ್ದ ಹುಡುಗನೊಬ್ಬ ನಾವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ತಿರುಗಿ ನೋಡಿದ. ಬೀದರ ಜಿಲ್ಲೆಯವನು; ರಂಜಾನಿನ ಒಂದು ತಿಂಗಳ ಮಟ್ಟಿಗೆ ದುಡಿಯಲು ಬಂದವನು. ಚಿತ್ರ ತೆಗೆಯಬಹುದೇ ಎಂದು ಕೇಳಿದೆ. ಒಂದು ಕ್ಷಣ ಯೋಚಿಸಿ ಅವನೆಂದ: “ಕೈದು ತಗೀರಿ ಸಾಬ್, ಮಾರಿದು ಬ್ಯಾಡ್ರಿ. ರೋಜಾದಾಗ ಮಾರಿ ಬಾಡಿರ್ತದ. ಊರಾಗ ಅಮ್ಮಾ ನೋಡಿದಳಂದ್ರ ಸುಮ್ನ ಕಣ್ಣೀರ ತೆಗಿತಾಳ.” ಅವನ ಮಾತಿನಂತೆ ಕೈಗಳನ್ನಷ್ಟೇ ತೆಗೆದೆ. ಘೋಟ್ನಿಯ ಹಿಡಿ ಆ ಕೈಗಳಲ್ಲಿ ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತಿತ್ತು. ಹೆಬ್ಬೆರಳಿನ ಬುಡಕ್ಕೆ ಬಟ್ಟೆಯ ಚೂರು ಸುತ್ತಿತ್ತು. ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಷಟರನ್ನು ತೆರೆದಿಟ್ಟರೆ ಹಿಡಿದ ಬೆರಳುಗಳು ಸ್ಪಷ್ಟವಾಗಿಯೂ ಬೀಳುವ ಮರ ಮಸುಕಾದ ಗೆರೆಯಾಗಿಯೂ ಮೂಡುತ್ತವೆ. ಪೆಟ್ಟಿನ ಭಾರ ನೋಡುವವರಿಗೆ ತಿಳಿಯುವುದು ಆ ಮಸುಕಿನಿಂದಲೇ. ಅದಕ್ಕಿಂತ ವೇಗವಾಗಿ ತೆಗೆದರೆ ಎಲ್ಲವೂ ನಿಚ್ಚಳವಾಗಿ, ಕೆಲಸವೇ ನಿಂತುಹೋದಂತೆ ತೋರುತ್ತದೆ.

ಇಳಿಹೊತ್ತಿನ ಅಸರ್ ನಮಾಜು ಮುಗಿದೊಡನೆ ಸಂತೆಗೆ ಜೀವ ಬರುತ್ತದೆ. ಹಲೀಮಿನ ದೇಗು ಎತ್ತರದ ಕಟ್ಟೆಗೆ ಬರುತ್ತದೆ. ಸೌಟಿನಿಂದ ಬಟ್ಟಲಿಗೆ, ಅದರ ಮೇಲೆ ತುಪ್ಪ, ಕೆಂಪಗೆ ಕರಿದ ಈರುಳ್ಳಿ, ಕೊತ್ತಂಬರಿ, ನಿಂಬೆಯ ಹೋಳು. ಮಿಕ್ಕ ಅಂಗಡಿಗಳಲ್ಲಿ ಚೌಕನೆಯ ಲುಖ್ಮಿ, ಸಮೋಸ, ಮೆಣಸಿನಕಾಯಿ ಬಜ್ಜಿ, ಮೊಸರಿನಲ್ಲಿ ಮುಳುಗಿದ ದಹಿಬಡೆ, ಕಾದ ಕಲ್ಲುಚಪ್ಪಡಿಯ ಮೇಲೆ ಸುಡುವ ಪತ್ಥರ್ ಕಾ ಗೋಷ್ತ್, ಹೆಚ್ಚಿ ರಾಶಿ ಹಾಕಿದ ಪಪ್ಪಾಯಿ ಕಲ್ಲಂಗಡಿಗಳು, ಬಣ್ಣಬಣ್ಣದ ಫಾಲೂದ. ಖರ್ಜೂರದ ಗಾಡಿಗಳು ಬೇರೆಯೇ ಒಂದು ಸಾಲು. ಮದೀನಾದ ಅಜ್ವಾದಿಂದ ಹಿಡಿದು ಅಗ್ಗದ ಒಣ ಖರ್ಜೂರದವರೆಗೆ ಗೋಪುರಗಳಾಗಿ ಪೇರಿಸಿಟ್ಟು, ಕೊಳ್ಳುವವನ ಅಂಗೈಗೆ ಒಂದನ್ನಿಟ್ಟು “ಇಫ್ತಾರಿನಲ್ಲಿ ರುಚಿ ನೋಡಿ ನಾಳೆ ಬನ್ನಿ” ಎನ್ನುವ ವ್ಯಾಪಾರಿಗಳು. ಕೊಳ್ಳುವವನೂ ಮಾರುವವನೂ ಇಬ್ಬರೂ ರುಚಿ ನೋಡಲಾಗದ ಈ ವ್ಯಾಪಾರ ಸಂಪೂರ್ಣವಾಗಿ ನಂಬಿಕೆಯ ಮೇಲೆ ನಡೆಯುತ್ತದೆ. ಅಷ್ಟು ಆಹಾರದ ನಡುವೆ ಒಬ್ಬರೂ ಬಾಯಾಡಿಸದಿರುವ ಆ ಒಂದೂವರೆ ಗಂಟೆಯೇ ಈ ಸಂತೆಯನ್ನು ಜಗತ್ತಿನ ಮಿಕ್ಕೆಲ್ಲ ತಿಂಡಿಬೀದಿಗಳಿಂದ ಬೇರೆ ಮಾಡುವುದು. ಚಿತ್ರಗಳಲ್ಲಿ ಬರಬೇಕಾದದ್ದೂ ಆ ಸಂಯಮವೇ ಎಂದು ನನ್ನ ದೃಢವಾದ ಅಭಿಪ್ರಾಯ. ಎಣ್ಣೆಯ ಬಾಣಲೆಯ ಮುಂದೆ ನಿಂತ ಹುಡುಗನ ಒಣಗಿದ ತುಟಿ, ಪೊಟ್ಟಣವನ್ನು ಎದೆಗವಚಿ ಹಿಡಿದು ಗಡಿಯಾರವನ್ನು ನೋಡುವ ಮುದುಕ, ತಂದೆಯ ಕೈ ಹಿಡಿದು ಫಾಲೂದದ ಲೋಟವನ್ನು ದಿಟ್ಟಿಸುವ ಮಗು, ಇವು ಬಟ್ಟಲಿನ ಚಿತ್ರಕ್ಕಿಂತ ಹೆಚ್ಚಿನದನ್ನು ಹೇಳುತ್ತವೆ.

ತಾಂತ್ರಿಕವಾದ ಒಂದೆರಡು ಮಾತು ಅಗತ್ಯ. ಆವಿಯು ಚಿತ್ರದಲ್ಲಿ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಹಿನ್ನೆಲೆ ಕತ್ತಲಾಗಿರಬೇಕು; ಮುಂದಿನಿಂದ ಫ್ಲ್ಯಾಶ್ ಹಾಯಿಸಿದರೆ ಆವಿ ಮಾಯವಾಗಿ ಎಣ್ಣೆಯ ಜಿಡ್ಡು ಮಾತ್ರ ಉಳಿಯುತ್ತದೆ, ಸಾಲದೆಂಬಂತೆ ದಣಿದ ಕಣ್ಣುಗಳಿಗೆ ಹಿಂಸೆಯೂ ಆಗುತ್ತದೆ. ಬೇಸಗೆಯ ಒಣಹವೆಯಲ್ಲಿ ಆವಿ ಬೇಗನೆ ಕರಗಿಹೋಗುವುದರಿಂದ ದೇಗಿನ ಮುಚ್ಚಳ ತೆರೆಯುವ ಕ್ಷಣಕ್ಕೆ ಸಿದ್ಧರಾಗಿರಬೇಕು. ರಂಜಾನ್ ಚಳಿಗಾಲಕ್ಕೆ ಸರಿಯುತ್ತಿರುವ ಮುಂದಿನ ವರ್ಷಗಳಲ್ಲಿ ಅದು ದಟ್ಟವಾಗಿಯೂ ದೀರ್ಘವಾಗಿಯೂ ಏಳುತ್ತದೆ. ಅಂಗಡಿಗಳ ಎಲ್‌ಇಡಿ ದೀಪಗಳಲ್ಲಿ ಅಗ್ಗದವು ನಮ್ಮ ವಿದ್ಯುತ್ತಿನ ಲಯಕ್ಕೆ ಸರಿಯಾಗಿ ಸೆಕೆಂಡಿಗೆ ನೂರು ಬಾರಿ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯದಿದ್ದರೂ ಚಿತ್ರದಲ್ಲಿ ಕಪ್ಪು ಪಟ್ಟೆಗಳಾಗಿ ಮೂಡುವುದರಿಂದ ಷಟರಿನ ವೇಗವನ್ನು ಐವತ್ತರಲ್ಲೊಂದು ಅಥವಾ ನೂರರಲ್ಲೊಂದು ಸೆಕೆಂಡಿಗೆ ನಿಲ್ಲಿಸಿಕೊಳ್ಳುವುದು ಕ್ಷೇಮ. ಸೌದೆಯ ಉರಿ ಕೆಂಪು, ದೀಪ ನೀಲಿಯ ಕಡೆಗೆ ವಾಲಿದ ಬಿಳಿ, ಮೇಲೆ ಕಟ್ಟಿದ ತಾಡಪಾಲು ಹಸಿರು. ಈ ಮೂರನ್ನೂ ಒಂದೇ ಬಣ್ಣಕ್ಕೆ ತಿದ್ದಲು ಹೊರಟರೆ ಮನುಷ್ಯರ ಮೈಬಣ್ಣ ಕೆಡುತ್ತದೆ. ಮುಖ ಸರಿಯಾಗಿರುವಂತೆ ನೋಡಿಕೊಂಡು ಉಳಿದುದನ್ನು ಇದ್ದಂತೆ ಬಿಡುವುದೇ ಲೇಸು.

ಸೂರ್ಯ ಮುಳುಗಿದ ಬಳಿಕ ಆಕಾಶದ ನೀಲಿಯೂ ಬೀದಿದೀಪಗಳ ಹೊಳಪೂ ಸಮಸಮವಾಗಿ ತೂಗುವ ಅವಧಿಯೊಂದಿದೆ. ಕಟ್ಟಡವೂ ದೀಪವೂ ಒಂದನ್ನೊಂದು ಮರೆಮಾಡದೆ ಒಟ್ಟಿಗೆ ಮೂಡುವುದು ಆಗ ಮಾತ್ರ. ಉತ್ತರದ ಶೀತದೇಶಗಳಲ್ಲಿ ಸೂರ್ಯನು ಓರೆಯಾಗಿ ಇಳಿಯುವುದರಿಂದ ಅದು ಬಹಳ ಹೊತ್ತು ನಿಲ್ಲುತ್ತದೆ. ಹದಿನೇಳನೆಯ ಅಕ್ಷಾಂಶದ ಹೈದರಾಬಾದಿನಲ್ಲಿ ಸೂರ್ಯನು ಬಹುಮಟ್ಟಿಗೆ ಲಂಬವಾಗಿ ಇಳಿಯುವುದರಿಂದ ಹೆಚ್ಚುಕಡಿಮೆ ಒಂದು ಘಳಿಗೆಯಲ್ಲಿ, ಎಂದರೆ ಇಪ್ಪತ್ತೆರಡು ಇಪ್ಪತ್ತನಾಲ್ಕು ನಿಮಿಷಗಳಲ್ಲಿ, ಎಲ್ಲವೂ ಮುಗಿದುಹೋಗುತ್ತದೆ. ಮಸೀದಿಯ ಸೈರನ್ ಕೂಗಿ ಇಫ್ತಾರ್ ಆಗುವುದೂ, ಖರ್ಜೂರ ನೀರುಗಳಿಂದ ಉಪವಾಸ ಮುರಿದು ಮಗ್ರಿಬ್ ನಮಾಜಿಗೆ ಜನ ನಿಲ್ಲುವುದೂ ಅದೇ ಘಳಿಗೆಯಲ್ಲಿಯೇ. ಕ್ಯಾಮೆರಾಕ್ಕೆ ಅತ್ಯುತ್ತಮವಾದ ಬೆಳಕು ದೊರೆಯುವ ಹೊತ್ತು, ಕ್ಯಾಮೆರಾ ಅತ್ಯಂತ ಅನುಚಿತವಾಗಿ ತೋರುವ ಹೊತ್ತೂ ಆಗಿರುವ ಈ ಸಂಕಟವನ್ನು ರಂಜಾನಿನ ಸಂತೆಗೆ ಹೋದ ಪ್ರತಿಯೊಬ್ಬ ಛಾಯಾಗ್ರಾಹಕನೂ ಎದುರಿಸಲೇಬೇಕು.

ಹಗಲಿಡೀ ಬಾಯಾರಿದವನು ಮೊದಲ ಗುಟುಕು ನೀರನ್ನು ಕುಡಿಯುವ ಮುಖವನ್ನು ಒಂದು ಮೊಳದ ದೂರದಿಂದ ತೆಗೆಯಬಯಸುವವರಿದ್ದಾರೆ. ಅಂಥ ಚಿತ್ರಗಳಿಗೆ ಬಹುಮಾನಗಳೂ ಬರುವುದುಂಟು. ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ಆ ಗುಟುಕಿಗೆ ಮೊದಲು ಅವನು ಮನಸ್ಸಿನಲ್ಲಿ ಹೇಳಿಕೊಳ್ಳುವ ಪ್ರಾರ್ಥನೆ ಅವನದೇ. ಅಪರಿಚಿತನ ಮಸೂರಕ್ಕೆ ಅಲ್ಲಿ ಕೆಲಸವಿಲ್ಲ. ಅದಲ್ಲದೆ ಆ ಹೊತ್ತಿನಲ್ಲಿ ಬೀದಿಯೇ ಒಂದು ಸಂಸಾರವಾಗುತ್ತದೆ. ಮಕ್ಕಾ ಮಸೀದಿಯ ಅಂಗಳದಲ್ಲಿ ಉದ್ದುದ್ದ ದಸ್ತರ್‌ಖಾನ್ ಹಾಸಿ, ಮನೆಯಿಂದ ತಂದವರು ತರದವರೊಡನೆ ಹಂಚಿಕೊಂಡು, ಗುರುತಿಲ್ಲದವರ ಪಕ್ಕದಲ್ಲಿ ಗುರುತಿಲ್ಲದವರು ಕುಳಿತುಕೊಳ್ಳುತ್ತಾರೆ. ಅಂಗಡಿಗಳಲ್ಲಿ ಗಿರಾಕಿಗಳನ್ನು ಬಿಟ್ಟು ಯಜಮಾನನೂ ಆಳೂ ಒಂದೇ ಹಾಳೆಯ ಸುತ್ತ ಕೂರುತ್ತಾರೆ. ಹಾದುಹೋಗುವವರ ಕೈಗೆ ಖರ್ಜೂರ ತುರುಕದೆ ಬಿಡುವುದಿಲ್ಲ. ಅವರು ಯಾವ ಮತದವರೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕರೆದಾಗ ಕುಳಿತು ತಿನ್ನುವುದು ಮರ್ಯಾದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಚೀಲದೊಳಗಿರಬೇಕು.

ಹಾಗಾದರೆ ಆ ನೀಲಿಯ ಘಳಿಗೆ ವ್ಯರ್ಥವೇ? ಅಲ್ಲ. ಖರ್ಜೂರ ತಿಂದು ನೀರು ಕುಡಿಯಲು ಎರಡು ಮೂರು ನಿಮಿಷ ಸಾಕು. ಜನ ನಮಾಜಿಗೆ ಹೊರಟೊಡನೆ, ಕ್ಷಣದ ಹಿಂದೆ ಭುಜಕ್ಕೆ ಭುಜ ತಾಗುತ್ತಿದ್ದ ಚಾರ್‌ಮಿನಾರಿನ ಬಯಲು ಬರಿದಾಗುತ್ತದೆ. ದೀಪ ಹೊತ್ತಿದ ಗಾಡಿಗಳು, ಬಟ್ಟೆ ಮುಚ್ಚಿಟ್ಟ ತಟ್ಟೆಗಳು, ಆವಿಯಾಡುವ ದೇಗು, ಯಾರೂ ಇಲ್ಲದ ಗಲ್ಲಾ. ಮೇಲೆ ನೀಲಿಯ ಆಕಾಶದಲ್ಲಿ ನಾಲ್ಕು ಮಿನಾರುಗಳು. ಅಷ್ಟು ಸರಕನ್ನು ಬೀದಿಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ಪ್ರಾರ್ಥನೆಗೆ ಹೋಗಬಲ್ಲ ಊರಿನ ಚಿತ್ರ ಅದು. ಯಾರಿಗೂ ತೊಂದರೆ ಕೊಡದೆ, ಯಾರ ಮುಖವನ್ನೂ ಕದಿಯದೆ ತೆಗೆಯಬಹುದಾದ ಆ ಚಿತ್ರವನ್ನು ನಾನು ಉಳಿದೆಲ್ಲಕ್ಕಿಂತ ಮೇಲೆಂದು ಎಣಿಸುತ್ತೇನೆ.

ಮುಖಗಳ ಪ್ರಶ್ನೆ ಈ ಊರಿಗೆ ಹೊಸದಲ್ಲ. ಹೈದರಾಬಾದಿನ ರಾಜಾ ದೀನ್ ದಯಾಳರ ಹೆಸರನ್ನು ಛಾಯಾಗ್ರಹಣದ ಇತಿಹಾಸ ಬಲ್ಲವರೆಲ್ಲ ಕೇಳಿರುತ್ತಾರೆ. ಮೀರತ್ ಬಳಿಯ ಸರ್ಧನದಲ್ಲಿ 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಅವರು ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1894ರಲ್ಲಿ ನಿಜಾಮರಿಂದ ಮುಸವ್ವಿರ್ ಜಂಗ್ ಎಂಬ ಬಿರುದನ್ನು ಪಡೆದರು. ಚಾರ್‌ಮಿನಾರಿನ ಬೀದಿಯನ್ನು ಅವರು ಗಾಜಿನ ಫಲಕಗಳ ಮೇಲೆ ಹಿಡಿದಿದ್ದಾರೆ. ಅವರ ಸಂಗ್ರಹದ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಗಾಜಿನ ನೆಗೆಟಿವುಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರದಲ್ಲಿವೆ. ಆದರೆ ನನಗೆ ಅವರ ಕಾರ್ಯಗಳಲ್ಲೆಲ್ಲ ಮಿಗಿಲಾಗಿ ತೋರುವುದು 1892ರಲ್ಲಿ ಅವರು ಸ್ಥಾಪಿಸಿದ ಜನಾನಾ ಸ್ಟುಡಿಯೋ: ಪರದೆಯ ಪದ್ಧತಿಯಲ್ಲಿದ್ದ ಸ್ತ್ರೀಯರು ಪರಪುರುಷರ ಕಣ್ಣಿಗೆ ಬೀಳದೆ ಬಂದು ತಮ್ಮ ಚಿತ್ರ ತೆಗೆಸಿಕೊಂಡು ಹೋಗಲು ಏರ್ಪಡಿಸಿದ ಆವರಣ; ಅಲ್ಲಿ ಚಿತ್ರ ತೆಗೆಯುವ ಹೊಣೆಯನ್ನು ಹೊತ್ತವರೂ ಮಹಿಳೆಯೇ. ಪರದೆಯ ಪದ್ಧತಿಯನ್ನು ನಾವು ಒಪ್ಪಲಿ ಬಿಡಲಿ, ತನ್ನ ಚಿತ್ರವನ್ನು ಯಾರು, ಎಲ್ಲಿ, ಹೇಗೆ ತೆಗೆಯಬೇಕೆಂಬುದನ್ನು ಚಿತ್ರಕ್ಕೆ ಕೂರುವವಳೇ ನಿರ್ಧರಿಸಬೇಕೆಂಬ ತತ್ತ್ವವನ್ನು ಆ ಮಹನೀಯರು ಅಂಥ ಕಾಲದಲ್ಲಿಯೇ ಗೌರವಿಸಿದರು.

ರಂಜಾನಿನ ರಾತ್ರಿ ಲಾಡ್ ಬಜಾರಿನ ಗಿರಾಕಿಗಳಲ್ಲಿ ಹೆಚ್ಚಿನವರು ಹೆಂಗಸರೇ. ಹಬ್ಬದ ಬಳೆ ಕೊಳ್ಳುವ ಸಂಭ್ರಮದಲ್ಲಿರುವ ಅವರ ಮೇಲೆ, ಕಪ್ಪು ಬುರ್ಖಾ, ಹೊಳೆಯುವ ಬಳೆ ಎಂಬ ಬಣ್ಣದ ವೈದೃಶ್ಯಕ್ಕೆ ಮರುಳಾಗಿ, ಉದ್ದನೆಯ ಮಸೂರಗಳನ್ನು ದೂರದಿಂದಲೇ ತಿರುಗಿಸಿ ನಿಲ್ಲುವವರನ್ನು ಪ್ರತಿವರ್ಷವೂ ಕಾಣಬಹುದು. ಕೇಳಿ ತೆಗೆದರೆ ಸಹಜತೆ ಹೋಗುತ್ತದೆಂಬುದು ಅವರ ವಾದ. ಒಂದು ಕ್ಷಣಕ್ಕೆ ಹೋಗುವುದೂ ನಿಜ. ಆದರೆ ಸಮ್ಮತಿ ಪಡೆದು ಅಲ್ಲಿಯೇ ಹತ್ತು ನಿಮಿಷ ನಿಂತರೆ, ಬಳೆಗಾರನ ಚೌಕಾಸಿ ಮತ್ತೆ ಮೊದಲಾಗಿ, ಹೋದ ಸಹಜತೆ ಮರಳಿ ಬರುತ್ತದೆ. ಬೇಡವೆಂದರೆ ಮುಂದಿನ ಅಂಗಡಿಗೆ ನಡೆಯಬೇಕು. ದೀನ್ ದಯಾಳರು ಗೋಡೆಯನ್ನೇ ಕಟ್ಟಿಸಿ ಕೊಟ್ಟ ಮರ್ಯಾದೆಯನ್ನು ನಾವು ಒಂದು ಮಾತು ಕೇಳಿ ಕೊಡಲಾರೆವೆ?

ರಂಜಾನಿನ ರಾತ್ರಿಗಳ ತರಾವೀಹ್ ನಮಾಜು ಮುಗಿಯುವ ಹೊತ್ತಿಗೆ ಬೀದಿ ಎರಡನೆಯ ಸಲ ತುಂಬುತ್ತದೆ. ಅದು ಬೇರೆಯೇ ಸಂತೆ: ಬಟ್ಟೆ, ಅತ್ತರು, ಚಪ್ಪಲಿ, ಶಾವಿಗೆ, ನಡುನಡುವೆ ಇರಾನಿ ಚಹ, ಉಸ್ಮಾನಿಯಾ ಬಿಸ್ಕತ್ತು. ಕೊನೆಯ ಹತ್ತು ದಿನಗಳಲ್ಲಿ ಅಂಗಡಿಗಳು ಬೆಳಗಿನ ಜಾವದ ಸಹರಿ ಊಟದ ಹೊತ್ತಿನವರೆಗೂ ತೆರೆದಿರುತ್ತವೆ. ಕಡೆಯ ಶುಕ್ರವಾರದ ನಮಾಜಿಗೆ ಮಕ್ಕಾ ಮಸೀದಿ ತುಂಬಿ, ಸಾಲುಗಳು ಹೊರಬಂದು, ಚಾರ್‌ಮಿನಾರನ್ನೂ ದಾಟಿ ಹಬ್ಬುತ್ತವೆ. ಅದನ್ನು ಎತ್ತರದಿಂದ ತೆಗೆಯಬಯಸುವವರು ಮುಂಚಿತವಾಗಿ ಪೊಲೀಸರ ಮತ್ತು ಕಟ್ಟಡದವರ ಅನುಮತಿ ಪಡೆದಿರಬೇಕು.

ಕಡೆಯದಾಗಿ ನಮ್ಮವರಿಗೊಂದು ಮಾತು. ಕಲಬುರಗಿ, ಬೀದರ, ರಾಯಚೂರು, ಕೊಪ್ಪಳಗಳು 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಸೇರುವವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಊರುಗಳಲ್ಲಿಯೂ ರಂಜಾನಿನ ಸಂಜೆ ಹಲೀಮಿನ ದೇಗು ಏರುತ್ತದೆ, ಖರ್ಜೂರದ ಗಾಡಿಗಳು ಬರುತ್ತವೆ, ಭಟ್ಟಿಯ ಮುಂದೆ ಘೋಟ್ನಿ ಬೀಳುತ್ತದೆ. ಅಲ್ಲಿಯ ಕಟ್ಟಡಗಳಾದರೂ ಬಹಮನಿಗಳಷ್ಟು ಹಳೆಯವು. ಚಾರ್‌ಮಿನಾರಿನ ಚಿತ್ರ ತೆಗೆಯಲು ಪ್ರತಿವರ್ಷ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ; ನಮ್ಮ ಈ ಊರುಗಳ ಸಂತೆಗಳನ್ನು ಶ್ರದ್ಧೆಯಿಂದ ದಾಖಲಿಸಿದವರನ್ನು ನಾನು ಕಂಡಿಲ್ಲ. ಕನ್ನಡ ಬಲ್ಲ, ದಖನಿ ಬಲ್ಲ, ಆ ಬೀದಿಗಳಲ್ಲಿಯೇ ಆಡಿ ಬೆಳೆದ ಯುವಕ ಯುವತಿಯರು ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಹೊರಗಿನವನಿಗೆ ತೆರೆಯದ ಬಾಗಿಲು ಅವರಿಗೆ ತೆರೆಯುತ್ತದೆ. ತೆಗೆದ ಚಿತ್ರಗಳಲ್ಲಿ ಒಳ್ಳೆಯದೊಂದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಈದಿನ ದಿವಸ ಚಿತ್ರದಲ್ಲಿರುವವರ ಮನೆಗೇ ಹೋಗಿ ಕೊಟ್ಟುಬರಲಿ.